ಔಟ್‌ಸೈಡ್ ಫಿಟ್ಟಿಂಗ್ ಅಂತೆ!

ಬ್ಯಾಟರಿ ಕೂತು ಸ್ಟಾರ್ಟ್ ಆಗದ ಗಾಡಿಯನ್ನು ಸರ್ವಿಸ್ ಸೆಂಟರಿಗೆ ಒಯ್ದಿದ್ದೆ. ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಯೊಂದರಲ್ಲಿ ಡ್ಯಾಶ್ ಕ್ಯಾಮೆರಾ, ಧಂ ಧಂ ಅನ್ನುವ ಸಬ್‌ವೂಫರ್ ಎಲ್ಲ ಹಾಕಿಸಿದ್ದ ಗಾಡಿ. ಅಲ್ಲಿನ ಮೆಕ್ಯಾನಿಕ್ಕಿಗೆ ಆ ವೈರನ್ನು ಹಾಗೆ ಎತ್ತಿ ತೋರಿಸುವ ಅಗತ್ಯ ಏನಿತ್ತು? ಬಾನೆಟ್ ಹತ್ತಿರ ಕರೆದು ಮೆಲ್ಲಗೆ ಹೇಳಬಹುದಿತ್ತು ಅಲ್ವಾ? ಇಲ್ಲ. ಆ ಮಹಾನುಭಾವ ಬಿಚ್ಚಿದ ವೈರನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ನಾವೆಲ್ಲ ಕೂತಿದ್ದ ಕಡೆಗೇ ಬಂದ. ಕಾಫಿ ಕುಡಿಯುತ್ತಿದ್ದವರೆಲ್ಲ ತಲೆ ಎತ್ತಿದರು. ಪಕ್ಕದಲ್ಲಿ ಭಾವ ಬೇರೆ.

"ಸಾರ್, ಇದು ನಿಮ್ಮ ಗಾಡೀದೇ ಅಲ್ವಾ?"

ಕಪ್ಪು ಟೇಪು ಬಿಸಿಗೆ ಕರಗಿ ಅಂಟಂಟಾಗಿತ್ತು. ಒಂದು ಕಡೆ ಬಿಚ್ಚಿಕೊಂಡು ತಾಮ್ರದ ಎಳೆ ಕಾಣುತ್ತಿತ್ತು. "ನೋಡಿ, ಬ್ಯಾಟರಿಯಿಂದ ಡೈರೆಕ್ಟ್ ಎಳೆದಿದ್ದಾರೆ. ಮಧ್ಯ ಒಂದು ಫ್ಯೂಸ್ ಕೂಡ ಇಲ್ಲ. ಆಂಪ್ಲಿಫೈಯರನ್ನು ಆನ್-ಆಫ್ ಮಾಡುವ ರಿಮೋಟ್ ವೈರೂ ಡೈರೆಕ್ಟೇ. ಕೀ ತೆಗೆದ್ರೂ ಅದು ಆಫ್ ಆಗಲ್ಲ. ಔಟ್‌ಸೈಡ್ ಫಿಟ್ಟಿಂಗ್ ಸಾರ್, ಬ್ಯಾಟರಿಗೆ ವಾರಂಟಿ ಬರಲ್ಲ." ಕೊನೆಯ ಮಾತನ್ನು ಎರಡು ಸಲ ಹೇಳಿದ. ಎರಡನೇ ಸಲ ಇನ್ನೂ ಜೋರಾಗಿ. ಎದುರಿಗಿದ್ದ ಹಿರಿಯರೊಬ್ಬರು ಲೊಚಗುಟ್ಟಿದರು. ಆಮೇಲೆ ಆತ ಕೇಳಿದ, "ಎಷ್ಟಕ್ಕೆ ಹಾಕಿಸಿದ್ರಿ ಸಾರ್?" ನಾನು ಅರ್ಧ ರೇಟು ಹೇಳಿದೆ. ಅದಕ್ಕೂ ನಕ್ಕ. ಭಾವನೂ ನಕ್ಕರು. ಭಾನುವಾರ ಬೆಳಗ್ಗೆ ಬೇಸ್‌ಮೆಂಟಿಗೆ ಬಂದು ಜಂಪ್ ಸ್ಟಾರ್ಟ್ ಮಾಡಿಕೊಟ್ಟವರು ಅವರೇ, ಏನೂ ಹೇಳುವ ಹಾಗಿಲ್ಲ.

ಸರ್ವಿಸ್ ಸೆಂಟರ್‌ನವರು ಮೀಟರ್ ಹಿಡಿದು ನೋಡಿದರು. ಗಾಡಿ ಆಫ್, ಕೀ ನನ್ನ ಜೇಬಲ್ಲಿ, ಆದರೂ 0.9 ಆಂಪಿಯರ್ ಹೋಗುತ್ತಿದೆ. ಸಾಮಾನ್ಯವಾಗಿ 50 ಮಿಲಿ ಆಂಪಿಯರ್, ಅಂದರೆ 0.05, ದಾಟಬಾರದಂತೆ. ನನ್ನದು 35 ಆಂಪಿಯರ್ ಅವರ್ ಬ್ಯಾಟರಿ, ಅಂದರೆ ಒಂದು ಆಂಪಿಯರ್ ಎಳೆದರೆ ಸುಮಾರು 35 ಗಂಟೆ. ದಿನಕ್ಕೆ 21 ಚಿಲ್ಲರೆ ಆಂಪಿಯರ್ ಅವರ್ ಸುಮ್ನೆ ಸೋರಿ ಹೋದರೆ ಶುಕ್ರವಾರ ರಾತ್ರಿ ನಿಲ್ಲಿಸಿದ ಗಾಡಿ ಭಾನುವಾರ ಬೆಳಗ್ಗೆ ಎಲ್ಲಿಂದ ಎದ್ದೇಳುತ್ತದೆ? ಈ ಲೆಕ್ಕ ನಾಲ್ಕನೇ ಕ್ಲಾಸಿನ ಹುಡುಗನೂ ಮಾಡುತ್ತಾನೆ. ಜೆ.ಸಿ. ರೋಡಿನ ಆ ಅಂಗಡಿಯವನಿಗೆ ಮಾತ್ರ ಬರಲಿಲ್ಲ.

ಹಾಕಿಸಿದ ಅವತ್ತೇ ನಾನು ಬಾಯಿ ಬಿಟ್ಟು ಕೇಳಿದ್ದೆ ಕಣ್ರೀ. ಗಾಡಿ ನಿಂತಾಗಲೂ ರೆಕಾರ್ಡ್ ಮಾಡುವ ಪಾರ್ಕಿಂಗ್ ಮೋಡ್ ಇದೆ ಅಂತೀರಲ್ಲ, ರಾತ್ರಿಯೆಲ್ಲ ಕ್ಯಾಮೆರಾ ಓಡಿದರೆ ಬ್ಯಾಟರಿ ಕೂತ್ಕೊಳ್ಳಲ್ವಾ ಅಂತ. "ಏನೂ ಆಗಲ್ಲ ಸಾರ್, ಎಲ್ರೂ ಹಾಕಿಸ್ತಾರೆ" ಅಂದ. ವೋಲ್ಟೇಜ್ ಇಳಿದರೆ ತಾನೇ ಕಟ್ ಆಗುವ ಕಿಟ್ ಬರುತ್ತದಂತಲ್ಲ ಅಂದರೆ, "ಅದೆಲ್ಲ ದೊಡ್ಡ ಗಾಡಿಗೆ ಸಾರ್" ಅಂದ. ದೊಡ್ಡ ಗಾಡಿಗಂತೆ! ಚಿಕ್ಕ ಬ್ಯಾಟರಿ ಇರುವವನಿಗೇ ಅಲ್ವಾ ಅದು ಮೊದಲು ಬೇಕಾಗಿದ್ದು? ಈಗ ಫೋನ್ ಎತ್ತುತ್ತಿಲ್ಲ.

ಸರ್ವಿಸ್ ಸೆಂಟರ್‌ನವರ ಸಲಹೆ ಕೇಳಿ. "ವಾರಕ್ಕೊಂದ್ಸಲ ಹೈವೇಲಿ ಅರ್ಧ ಗಂಟೆ ಓಡಿಸಿ ಸಾರ್, ಚಾರ್ಜ್ ಆಗತ್ತೆ." ಯಾವ ಹೈವೇ ಸ್ವಾಮಿ? ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವಷ್ಟರಲ್ಲೇ ಅರ್ಧ ಗಂಟೆ ಮುಗಿದಿರುತ್ತದೆ. ಎಂಜಿನ್ ಐಡಲ್‌ನಲ್ಲಿದ್ದಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೊಡುವುದೇ ಕಡಿಮೆ. ಮೇಲೆ ಮಳೆ. ಎ.ಸಿ., ವೈಪರ್, ಹೆಡ್‌ಲೈಟ್ ಎಲ್ಲ ಆನ್. ಫಾಗ್ ಲ್ಯಾಂಪ್ 55 ವಾಟಿನದು ಎರಡು, ಅದೊಂದೇ 9 ಆಂಪಿಯರ್. ಮಾರತ್ತಹಳ್ಳಿ ತನಕ ನಿಂತು ನಿಂತು ಹೋದರೆ ಬ್ಯಾಟರಿ ತುಂಬುವುದು ಯಾವಾಗ?

ನಾಳೆಯೇ ಎಲ್ಲ ಕಿತ್ತು ಹಾಕಿಸುತ್ತೇನೆ. ಕ್ಯಾಮೆರಾ, ಸಬ್‌ವೂಫರ್, ಕಾಲ ಕೆಳಗಿನ ಆ ನೀಲಿ ಲೈಟು, ಎಲ್ಲ. ರಾತ್ರಿ ಬಾಗಿಲು ತೆಗೆದರೆ ಕರಗದ ದಿನದ ತಿಗಳರಪೇಟೆ ಥರ ಮಿಂಚುತ್ತದೆ ನನ್ನ ಗಾಡಿ. ಸ್ಟಾರ್ಟ್ ಮಾತ್ರ ಆಗಲ್ಲ. ಮೆರವಣಿಗೆಗೆ ಬಾಡಿಗೆ ಕೊಡಬಹುದು, ಹೇಗೂ ತಳ್ಳುವವರು ಇರುತ್ತಾರೆ.

ಆದರೆ ಕ್ಯಾಮೆರಾ ತೆಗೆಸಿ ಈ ಊರಲ್ಲಿ ಓಡಿಸಲಿಕ್ಕೆ ಆಗುತ್ತಾ? ಹಿಂದಿನಿಂದ ಬಂದು ಗುದ್ದಿದವನೇ ಇಳಿದು ಬಂದು ಕಾಲರ್ ಹಿಡಿಯುತ್ತಾನೆ. ಕ್ಯಾಮೆರಾ ಇರಲಿ. ಸಬ್‌ವೂಫರ್ ತೆಗೆದರೆ ಮಗಳು ಮಾತು ಬಿಡುತ್ತಾಳೆ. ಅದೂ ಇರಲಿ. ನೀಲಿ ಲೈಟು ಎಷ್ಟು ತಾನೇ ಎಳೆಯುತ್ತದೆ, ಪಾಪ.

ಹೋಗಲಿ ಬಿಡಿ, ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ದುಡ್ಡು ಹೋಯಿತು. ಅಲ್ಲ, ಯಾಕೆ ಬಿಡಬೇಕು? ಕ್ಯಾಮೆರಾ ಡಬ್ಬದ ಮೇಲೆ ಫೋರ್ ಕೆ, ನೈಟ್ ವಿಷನ್, ವೈಫೈ ಅಂತ ಇಷ್ಟಿಷ್ಟು ದಪ್ಪ ಅಕ್ಷರ. ಗಾಡಿ ನಿಂತಾಗ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಒಂದು ಸಾಲು ಹಾಕಲಿಕ್ಕೆ ಏನು ಕಷ್ಟ? ಶೋರೂಮಿನಲ್ಲಿ ಹಾಕಿಸಿದ್ದರೆ ವಾರಂಟಿ ಇರುತ್ತಿತ್ತಂತೆ. ಅಲ್ಲಿ ಅದೇ ಕ್ಯಾಮೆರಾಕ್ಕೆ ಹೇಳಿದ ರೇಟು ಕೇಳಿಯೇ ಅಲ್ವಾ ನಾನು ಜೆ.ಸಿ. ರೋಡಿಗೆ ಓಡಿದ್ದು? ಇವರು ದುಬಾರಿ, ಅವರು ಬೇಜವಾಬ್ದಾರಿ, ಮಧ್ಯದಲ್ಲಿ ಬೈಸಿಕೊಳ್ಳಲಿಕ್ಕೆ ನಾನು. ಯಾರಾದರೂ ಉತ್ತರ ಕೊಡಿ.

ಹಾಂ, ಇನ್ನೊಂದು. ಫಾಗ್ ಲ್ಯಾಂಪ್ ಹಾಕಿದ್ದೂ ಅದೇ ಅಂಗಡಿಯ ಹುಡುಗ. ಅದಕ್ಕೆ ರಿಲೇ (ದೊಡ್ಡ ಕರೆಂಟನ್ನು ಸ್ವಿಚ್ಚಿನ ಬದಲು ತಾನು ಹೊರುವ ಡಬ್ಬಿ) ಕೊಟ್ಟಿದ್ದಾನಾ ಅಥವಾ ಸ್ವಿಚ್ಚಿಗೇ ನೇರ ಎಳೆದಿದ್ದಾನಾ ಅಂತ ನಾವೇ ನೋಡುವುದು ಹೇಗೆ? ಗೊತ್ತಿರುವವರು ಹೇಳಿ. ಭಾವನನ್ನು ಕೇಳು ಅಂತ ಮಾತ್ರ ಹೇಳಬೇಡಿ.