ಒಲವು ಫುಲ್, ಬೂತ್ ಖಾಲಿ

ಊರಾಚೆಯ ಬಡಾವಣೆಗಳಿಗೆ ಒಂದೊಂದು ರಾಜಕೀಯ ಒಲವು ಇರುತ್ತದಂತೆ. "ಆ ಏರಿಯಾನಾ? ಅದು ಅವರ ಭದ್ರಕೋಟೆ ಬಿಡಿ" ಎನ್ನುತ್ತಾರೆ ಒಬ್ಬರು. "ಇಲ್ಲ, ಈ ಸಲ ಗಾಳಿ ತಿರುಗಿದೆ" ಎನ್ನುತ್ತಾರೆ ಇನ್ನೊಬ್ಬರು. ಭದ್ರಕೋಟೆಯ ಒಳಗೆ ಇಣುಕಿ ನೋಡಿದರೆ ಮತದಾನದ ದಿನ ಅರ್ಧ ಸೈನ್ಯ ಇನ್ನೂ ಹಾಸಿಗೆಯಲ್ಲೇ ಇರುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕಿ. ಬಡಾವಣೆಯಲ್ಲಿ ಮತದಾರರು 100. ಬೂತಿಗೆ ಬಂದವರು 48. ಗೆದ್ದವರಿಗೆ 25, ಸೋತವರಿಗೆ 23. ಮನೆಯಲ್ಲೇ ಉಳಿದವರು 52. ಮಾರನೇ ದಿನ ನಕ್ಷೆಯಲ್ಲಿ ಇಡೀ ಬಡಾವಣೆಗೆ ಗೆದ್ದ ಪಕ್ಷದ ಬಣ್ಣ ಬಳಿಯುತ್ತಾರೆ, ಅದಕ್ಕೆ ಜನಾದೇಶ ಎಂದು ಹೆಸರಿಡುತ್ತಾರೆ. ನಿಜವಾದ ಬಹುಮತ ಇರುವುದು ಆ 52 ಜನರ ಹತ್ತಿರ. ಅವರಿಗೆ ಚಿಹ್ನೆ ಇಲ್ಲ, ಪ್ರಣಾಳಿಕೆ ಇಲ್ಲ, ಪ್ರಚಾರದ ಖರ್ಚಿಲ್ಲ. ಪಕ್ಷಾಂತರದ ಕಾಟವೂ ಇಲ್ಲ. ಸೋಫಾದಿಂದ ಎದ್ದರೆ ತಾನೇ ಪಕ್ಷಾಂತರ!

ಹಾಗಂತ ಈ 52 ಜನರಿಗೆ ಒಲವೇ ಇಲ್ಲ ಅಂದುಕೊಳ್ಳಬೇಡಿ. ಬೇಕಾದಷ್ಟಿದೆ. ಬಡಾವಣೆಯ ಗ್ರೂಪಿನಲ್ಲಿ ರಾತ್ರಿ ಒಂದು ಗಂಟೆಯವರೆಗೆ ಎಡ, ಬಲ ಎಂದು ಕಿತ್ತಾಡುವವರು ಇವರೇ. ಮತದಾನದ ಸಂಜೆ ವಿಚಾರಿಸಿದರೆ ಎಡದವರೂ ಹೋಗಿರುವುದಿಲ್ಲ, ಬಲದವರೂ ಹೋಗಿರುವುದಿಲ್ಲ. ಇಷ್ಟು ಒಮ್ಮತ ಯಾವ ಮೈತ್ರಿ ಸರ್ಕಾರದಲ್ಲಿ ಸಿಗುತ್ತದೆ ಹೇಳಿ?

ಕೇಳಿದರೆ ದಿನ ಸರಿಯಿಲ್ಲ ಎನ್ನುತ್ತಾರೆ. ಅಮೆರಿಕದಲ್ಲಿ 1845ರ ಕಾನೂನಿನ ಪ್ರಕಾರ ಅಧ್ಯಕ್ಷರ ಚುನಾವಣೆ ಮಂಗಳವಾರ. ಅಯ್ಯೋ, ಕೆಲಸದ ದಿನ, ಹೇಗೆ ಹೋಗೋದು? ಬ್ರಿಟನ್ನಿನಲ್ಲಿ ಗುರುವಾರ. ಅದೂ ಕೆಲಸದ ದಿನವೇ. ಫ್ರಾನ್ಸಿನಲ್ಲಿ ಭಾನುವಾರ. ಇರೋದೊಂದು ಭಾನುವಾರ, ಅದನ್ನೂ ಕಿತ್ತುಕೊಂಡರೆ ಹೇಗೆ? ಭಾರತದಲ್ಲಿ ಮತದಾನಕ್ಕೆಂದೇ ಸಂಬಳ ಸಹಿತ ರಜೆ ಕೊಡುತ್ತಾರೆ. ಆಹಾ, ರಜೆ! ಎಲ್ಲಿಗಾದರೂ ಹೋಗಿಬರೋಣ. ವಾರಕ್ಕೆ ಎಂಟನೇ ದಿನವೊಂದನ್ನು ಸೇರಿಸಿ ಅಂದೇ ಚುನಾವಣೆ ಇಟ್ಟರೂ ಇವರಿಗೆ ಅಂದು ಮೈ ಸರಿ ಇರುವುದಿಲ್ಲ.

ಆಸ್ಟ್ರೇಲಿಯಾದವರು ಇಂಥ ನೆಪ ಕೇಳಿ ಕೇಳಿ ಸಾಕಾಗಿ 1924ರಲ್ಲಿ ಕಾನೂನು ಮಾಡಿದರು. ಬರದಿದ್ದರೆ ದಂಡ. 1922ರಲ್ಲಿ ಶೇಕಡಾ 60ನ್ನೂ ಮುಟ್ಟದ ಮತದಾನ 1925ರಲ್ಲಿ 91 ದಾಟಿತು. ಮೂರೇ ವರ್ಷದಲ್ಲಿ ನಾಗರಿಕ ಪ್ರಜ್ಞೆ ಅಷ್ಟೆತ್ತರ ಬೆಳೆಯಿತು ನೋಡಿ!

ಇನ್ನೊಂದು ಗುಂಪಿದೆ, ಗಣಿತಜ್ಞರದು. "ನನ್ನ ಒಂದು ವೋಟಿಂದ ಏನಾಗತ್ತೆ?" ಎನ್ನುವವರು. ಲೆಕ್ಕ ಬಹುಪಾಲು ಸರಿಯೇ. ಆದರೆ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರ ಎದುರು ಒಂದೇ ಒಂದು ಮತದಿಂದ ಸೋತರು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಅವರಿಗೂ ಅದೇ ಗತಿ. ಅಂದು ಅಲ್ಲಿ ಮನೆಯಲ್ಲೇ ಕೂತ ಗಣಿತಜ್ಞರೆಲ್ಲ ಒಟ್ಟಾಗಿ ಒಬ್ಬ ಶಾಸಕರನ್ನು ಆರಿಸಿದರು ಎಂದೇ ಹೇಳಬೇಕು. ಬೂತಿಗೆ ಹೋದವರಿಗೂ ಇಷ್ಟು ಪವರ್ ಇಲ್ಲ.

ನನಗೆ ತುಂಬ ಇಷ್ಟವಾಗುವುದು ಸ್ಥಳೀಯ ಚುನಾವಣೆ. ಬಡಾವಣೆಯ ದಿನನಿತ್ಯದ ಗೋಳೇನು? ಚರಂಡಿ, ಕಸ, ಬೀದಿ ದೀಪ, ಗುಂಡಿ ಬಿದ್ದ ರಸ್ತೆ. ಇದನ್ನೆಲ್ಲ ನೋಡಿಕೊಳ್ಳುವುದು ಯಾರು? ಸ್ಥಳೀಯ ಸಂಸ್ಥೆ. ಎಷ್ಟೋ ದೇಶಗಳ ನಗರಗಳಲ್ಲಿ ಜನ ಕಡಿಮೆ ಬರುವುದು ಯಾವ ಚುನಾವಣೆಗೆ? ಅದಕ್ಕೇ! ದೇಶದ ಗಡಿ ಎಲ್ಲಿ ಹಾದುಹೋಗಬೇಕು ಎಂಬುದರ ಬಗ್ಗೆ ಇವರಿಗೆ ಖಚಿತ ಅಭಿಪ್ರಾಯವಿದೆ, ಚರಂಡಿ ಎಲ್ಲಿ ಹಾದುಹೋಗಬೇಕು ಎಂಬುದರ ಬಗ್ಗೆ ಮಾತ್ರ ಇಲ್ಲ. ದೂರದ ಯುದ್ಧ ಹೇಗೆ ನಿಲ್ಲಿಸಬೇಕು ಎಂದು ಹತ್ತು ಸಾಲು ಬರೆಯುವ ಸಾಹೇಬರಿಗೆ ತಮ್ಮ ವಾರ್ಡಿನ ಸದಸ್ಯರ ಹೆಸರು ಗೊತ್ತಿರುವುದಿಲ್ಲ. ಹೆಸರು ಗೊತ್ತಾಗುವುದು ಮನೆ ಮುಂದೆ ನೀರು ನಿಂತಾಗ. ಆಗ ಫೋನ್ ಮಾಡಿ, "ನಿಮ್ಮನ್ನ ಗೆಲ್ಲಿಸಿದ್ದೇ ನಾವು" ಎಂದು ಶುರು ಮಾಡುತ್ತಾರೆ. ಸದಸ್ಯರೂ ಪಳಗಿದವರು. ಈ ಬೀದಿಯಿಂದ ಎಷ್ಟು ಜನ ಬಂದಿದ್ದರು ಎಂಬ ಲೆಕ್ಕ ಅವರ ಹತ್ತಿರ ಪಕ್ಕಾ ಇದೆ. ನೀರು ನಿಂತೇ ಇರುತ್ತದೆ.

ಇವರನ್ನು ಎಬ್ಬಿಸುವುದು ಹೇಗೆ? ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2006ರಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಮತದಾನ ನಿಮ್ಮ ಕರ್ತವ್ಯ ಎಂದು ಕೆಲವು ಮನೆಗಳಿಗೆ ಪತ್ರ ಹಾಕಿದರು. ಮತದಾನ ಶೇಕಡಾ 2ರಷ್ಟೂ ಏರಲಿಲ್ಲ. ಇನ್ನು ಕೆಲವು ಮನೆಗಳಿಗೆ ನೀವೂ ನಿಮ್ಮ ಅಕ್ಕಪಕ್ಕದವರೂ ಕಳೆದ ಸಲ ವೋಟು ಹಾಕಿದ್ದೀರೋ ಇಲ್ಲವೋ ಎಂಬ ಪಟ್ಟಿ ಕಳಿಸಿ, ಚುನಾವಣೆ ಮುಗಿದ ಮೇಲೆ ಹೊಸ ಪಟ್ಟಿ ಕಳಿಸುತ್ತೇವೆ ಎಂದರು. ಯಾವ ಪತ್ರವೂ ಹೋಗದ ಮನೆಗಳಲ್ಲಿ ಸುಮಾರು ಶೇಕಡಾ 30 ಇದ್ದ ಮತದಾನ ಇಲ್ಲಿ 38ರ ಹತ್ತಿರ ಬಂತು. ಪ್ರಜಾಪ್ರಭುತ್ವಕ್ಕೆ ಹೆದರದ ಮನುಷ್ಯ ಪಕ್ಕದ ಮನೆಯವರಿಗೆ ಹೆದರುತ್ತಾನೆ.

ಪಟ್ಟಿ ಬರದ ಕಡೆ ಆ ಹೆದರಿಕೆಯೂ ಇಲ್ಲ. ಅಲ್ಲಿ ಸುಮ್ಮನೆ "ಹಾಕಿದೆ" ಎಂದರಾಯಿತು. ಚುನಾವಣೆ ಮುಗಿದ ಮೇಲೆ ಸಮೀಕ್ಷೆ ಮಾಡುವವರಿಗೆ ಇದು ಹಳೇ ತಲೆನೋವು: ವೋಟು ಹಾಕಿದೆವು ಎನ್ನುವವರ ಪ್ರಮಾಣ ನಿಜವಾಗಿ ಹಾಕಿದವರಿಗಿಂತ ಜಾಸ್ತಿ ಬರುತ್ತದೆ. ಅದರಲ್ಲೂ ಗೆದ್ದವರಿಗೇ ಹಾಕಿದೆವು ಎನ್ನುವವರು ಇನ್ನೂ ಜಾಸ್ತಿ. ಎರಡು ವರ್ಷ ಕಳೆದು, ಗೆದ್ದವರು ಏನಾದರೂ ಎಡವಟ್ಟು ಮಾಡಿಕೊಂಡ ಮೇಲೆ ಅದೇ ಜನರನ್ನು ಕೇಳಿ ನೋಡಿ. "ನಾನಂತೂ ಅವರಿಗೆ ವೋಟು ಹಾಕಿಲ್ಲಪ್ಪ" ಎನ್ನುತ್ತಾರೆ. ಐದು ವರ್ಷದಲ್ಲಿ ಅವರು ಹೇಳುವ ಒಂದೇ ಒಂದು ನಿಜ ಅದು.