ಗೋಮಾಳದ ಕೆಳಗಿನ ನಿಲ್ದಾಣ

ಬಾಸ್ಟನ್ ನಗರದ ಪಾರ್ಕ್ ಸ್ಟ್ರೀಟ್ ನಿಲ್ದಾಣದಲ್ಲಿ ನಾನು ದಿನಕ್ಕೆ ಎರಡು ಸಲ ರೈಲು ಬದಲಿಸುತ್ತೇನೆ. ಕ್ವಿನ್ಸಿಯಿಂದ ಕೆಂಪು ಮಾರ್ಗದಲ್ಲಿ ಬಂದು, ಮೆಟ್ಟಿಲು ಹತ್ತಿ, ಮೇಲಂತಸ್ತಿನಲ್ಲಿ ಹಸಿರು ಮಾರ್ಗದ ಗಾಡಿ ಹಿಡಿದು ಕಾಪ್ಲಿಯ ಕಡೆ ಹೋಗುವುದು ಹನ್ನೊಂದು ವರ್ಷಗಳ ರೂಢಿ. ಹಸಿರು ಮಾರ್ಗದಲ್ಲಿ ಓಡುವುದು ಬೆಂಗಳೂರಿನವರು ಬಲ್ಲ ಮೆಟ್ರೋ ಅಲ್ಲ, ಲಘು ರೈಲು. ಸಾಮಾನ್ಯವಾಗಿ ಎರಡೇ ಬೋಗಿ. ಊರ ನಡುವೆ ನೆಲದಡಿ ಓಡುತ್ತದೆ, ಹೊರಗೆ ಬಂದ ಮೇಲೆ ಕೆಲವು ಕಡೆ ರಸ್ತೆಯ ಮಧ್ಯದಲ್ಲೇ ಸಾಗಿ ಕಾರುಗಳ ಜೊತೆ ಸಿಗ್ನಲ್ಲಿಗೆ ಕಾಯುತ್ತದೆ.

ಕಳೆದ ಸೆಪ್ಟೆಂಬರಿನಲ್ಲಿ ಅಪ್ಪ ಬಂದಿದ್ದರು. ಬಿ.ಟಿ.ಎಸ್.ನಲ್ಲಿ ಕಂಡಕ್ಟರಾಗಿ ಸೇರಿ, ಅದು ಬಿ.ಎಂ.ಟಿ.ಸಿ. ಆದ ಮೇಲೂ ದುಡಿದು ನಿವೃತ್ತರಾದವರು. ಯಾವ ಊರಿಗೆ ಹೋದರೂ ಅವರು ಮೊದಲು ನೋಡುವುದು ಬಸ್ಸನ್ನು, ರೈಲನ್ನು, ಅದರೊಳಗಿನ ಜನರನ್ನು. ಪಾರ್ಕ್ ಸ್ಟ್ರೀಟಿನ ಪ್ಲಾಟ್‌ಫಾರಂ ಮೇಲೆ ನಿಂತು ತಗ್ಗಾದ ಛಾವಣಿಯನ್ನೂ ಅದನ್ನು ಹೊತ್ತ ಕಂಬಗಳ ಸಾಲನ್ನೂ ದಿಟ್ಟಿಸಿ, "ಇದು ಯಾವ ಕಾಲದ್ದಪ್ಪ?" ಎಂದರು. 1897 ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಪ್ಲೇಗು ಬಂತಲ್ಲ, ಅದರ ಹಿಂದಿನ ವರ್ಷ" ಎಂದರು. ಬೆಂಗಳೂರಿನ ಪೇಟೆಗೆ ಪ್ಲೇಗು ಬಂದದ್ದು 1898ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತಲೆಯೆತ್ತಿದ್ದು ಆ ಭಯದ ಬೆನ್ನಿಗೇ. ಒಂದು ರೈಲು ನಿಲ್ದಾಣದ ವಯಸ್ಸನ್ನು ಅಪ್ಪ ಹೀಗೆ ನಮ್ಮೂರಿನ ಗಡಿಯಾರಕ್ಕೆ ಕೂಡಿಸಿದ ಮೇಲೆ ನನಗೂ ಆ ಎರಡು ಊರುಗಳನ್ನು ಬೇರೆ ಬೇರೆಯಾಗಿ ಯೋಚಿಸಲು ಆಗಲಿಲ್ಲ.

ಅಮೆರಿಕದ ಮೊದಲ ಸುರಂಗ ರೈಲುಮಾರ್ಗ ತೆರೆದದ್ದು ಇಲ್ಲಿಯೇ, 1897ರ ಸೆಪ್ಟೆಂಬರ್ 1ರಂದು. ಪಾರ್ಕ್ ಸ್ಟ್ರೀಟ್ ಮತ್ತು ಪಕ್ಕದ ಬಾಯ್ಲ್‌ಸ್ಟನ್, ಇವೆರಡೇ ಅಂದಿನ ನಿಲ್ದಾಣಗಳು. ನ್ಯೂಯಾರ್ಕಿನ ಸುರಂಗ ಮಾರ್ಗ ತೆರೆಯಲು ಇನ್ನೂ ಏಳು ವರ್ಷ ಬೇಕಾಗಿತ್ತು. ಅಂದಿನ ಬಾಸ್ಟನ್ನಿನ ಟ್ರೆಮಾಂಟ್ ಬೀದಿಯ ಅವಸ್ಥೆಯನ್ನು ಸಿಲ್ಕ್ ಬೋರ್ಡ್ ವೃತ್ತದಲ್ಲಿ ಸಂಜೆ ಆರಕ್ಕೆ ನಿಂತವರಿಗೆ ವಿವರಿಸಬೇಕಾಗಿಲ್ಲ. ಕುದುರೆ ಎಳೆಯುತ್ತಿದ್ದ ಟ್ರ್ಯಾಮುಗಳ ಜಾಗಕ್ಕೆ 1889ರಿಂದ ವಿದ್ಯುತ್ ಟ್ರ್ಯಾಮುಗಳು ಬಂದವು. ಎಲ್ಲ ದಿಕ್ಕಿನವೂ ಅದೇ ಇಕ್ಕಟ್ಟಿನ ಬೀದಿಗೆ ಬಂದು ಸೇರುತ್ತಿದ್ದವು. ಒಂದರ ಹಿಂದೊಂದು ಎಷ್ಟು ಒತ್ತಾಗಿ ನಿಲ್ಲುತ್ತಿದ್ದವೆಂದರೆ ಅವುಗಳ ನೆತ್ತಿಯ ಮೇಲೆಯೇ ಬೀದಿಯುದ್ದಕ್ಕೂ ನಡೆದುಕೊಂಡು ಹೋಗಬಹುದು ಎಂದು ಜನ ಹೇಳುತ್ತಿದ್ದರಂತೆ.

ಆ ಬೀದಿಯ ಪಕ್ಕದಲ್ಲೇ ಸುಮಾರು ಐವತ್ತು ಎಕರೆಯ ಖಾಲಿ ಹುಲ್ಲುಗಾವಲಿತ್ತು, ಬಾಸ್ಟನ್ ಕಾಮನ್. ನಾನು ಇದನ್ನು ಗೋಮಾಳ ಎಂದೇ ಕರೆಯುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಗೋಮಾಳ. 1634ರಲ್ಲಿ ಊರಿನವರು ಎಲ್ಲರ ದನ ಮೇಯಲೆಂದು ಸಾರ್ವಜನಿಕವಾಗಿ ಬಿಟ್ಟ ಜಾಗ. 1830ರವರೆಗೂ ಅಲ್ಲಿ ದನಗಳು ಮೇಯುತ್ತಿದ್ದವು. ಅದರ ಅಂಚನ್ನು ಒಂದಿಷ್ಟು ಕತ್ತರಿಸಿ ಬೀದಿ ಅಗಲ ಮಾಡೋಣ, ಹುಲ್ಲಿನ ಮೇಲೆ ಹಳಿ ಹಾಕೋಣ ಎಂಬ ಮಾತುಗಳು ಬಂದವು. ಊರು ಒಪ್ಪಲಿಲ್ಲ. ಮೇಲೆ ಕೈ ಹಾಕುವಂತಿಲ್ಲ ಎಂದಾದಾಗ ಉಳಿದದ್ದು ಕೆಳಗಿನ ದಾರಿ.

ಆ ದಾರಿಯೂ ಸಲೀಸಾಗಿ ದೊರೆಯಲಿಲ್ಲ. ಅಂಗಡಿಯವರು ವ್ಯಾಪಾರ ಕೆಡುತ್ತದೆ ಎಂದು ಸಂಘ ಕಟ್ಟಿ ವಿರೋಧಿಸಿದರು. ನೆಲದಡಿಯ ಗಾಳಿಯಿಂದ ರೋಗ ಬರುತ್ತದೆ ಎಂಬ ಭಯವಿತ್ತು. 1894ರ ಜುಲೈಯಲ್ಲಿ ವಿಷಯವನ್ನು ಜನಮತಕ್ಕೆ ಹಾಕಿದರು. ಸುಮಾರು ಮೂವತ್ತು ಸಾವಿರ ಮತಗಳಲ್ಲಿ ಸಾವಿರದಷ್ಟು ಅಂತರದಿಂದ ಸುರಂಗ ಗೆದ್ದಿತು. 1895ರ ಮಾರ್ಚ್ 28ರಂದು ಮೊದಲ ಗುದ್ದಲಿ ಬಿತ್ತು. ಮುಖ್ಯ ಎಂಜಿನಿಯರ್ ಹೊವರ್ಡ್ ಕಾರ್ಸನ್ ಬೀದಿಯನ್ನು ಪೂರ್ತಿ ಮುಚ್ಚದೆ ಕೆಲಸ ಮಾಡಿಸಿದರು. ರಾತ್ರಿ ಕಿರಿದಾದ ಕಾಲುವೆ ತೋಡಿ, ಹಗಲು ಅದರ ಮೇಲೆ ಮರದ ಹಲಗೆ ಹಾಸಿ ಗಾಡಿಗಳನ್ನು ಬಿಡುತ್ತಿದ್ದರು. ಎರಡೂವರೆ ವರ್ಷದೊಳಗೆ ಮೊದಲ ಹಂತ ಮುಗಿಯಿತು. ಒಟ್ಟು ಯೋಜನೆಗೆ ಗೊತ್ತುಮಾಡಿದ 50 ಲಕ್ಷ ಡಾಲರಿನಲ್ಲಿ ಹಣ ಉಳಿಯಿತು ಕೂಡ. ಆದರೆ ಜೀವಗಳು ಹೋದವು. 1897ರ ಮಾರ್ಚ್ 4ರಂದು ಬಾಯ್ಲ್‌ಸ್ಟನ್ ಮತ್ತು ಟ್ರೆಮಾಂಟ್ ಬೀದಿಗಳು ಕೂಡುವಲ್ಲಿ, ಅಗೆತದ ಪಕ್ಕ ಸೋರಿ ತುಂಬಿಕೊಂಡಿದ್ದ ಅನಿಲ ಸ್ಫೋಟಿಸಿ, ದಾರಿಯಲ್ಲಿದ್ದ ಟ್ರ್ಯಾಮುಗಳು ಹೊತ್ತಿ ಉರಿದು ಹಲವರು ಸತ್ತರು. ಇಂದು ನಮ್ಮ ಗಾಡಿ ಕಿವಿ ಕೊರೆಯುವ ಕೀರಲು ಸದ್ದು ಮಾಡುತ್ತಾ ತಿರುಗುವ ಬಿಗಿ ತಿರುವು ಇರುವುದು ಅದೇ ಮೂಲೆಯ ಕೆಳಗೆ.

ಬಾಯ್ಲ್‌ಸ್ಟನ್ ನಿಲ್ದಾಣದ ಎದುರಿಗೆ, ಗೋಮಾಳದ ದಕ್ಷಿಣ ಅಂಚಿನಲ್ಲಿ, 1756ರ ಒಂದು ಸ್ಮಶಾನವಿದೆ. ಊರಿನ ದೊಡ್ಡ ಮನೆತನಗಳು ಬೇರೆ ಕಡೆ ಮಣ್ಣಾಗುತ್ತಿದ್ದ ಕಾಲದಲ್ಲಿ ಬಡವರು, ಪರವೂರಿನಿಂದ ಬಂದವರು, ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರು ಮಣ್ಣಾದ ಜಾಗ. ಸುರಂಗ ಅಗೆಯುವಾಗ ಅದರ ಬದಿಯ ನಡೆದಾರಿಯ ಕೆಳಗೆ ಸುಮಾರು ಒಂಬೈನೂರು ಜನರ ಅಸ್ಥಿಗಳು ಸಿಕ್ಕವು. ಹೆಸರಿಲ್ಲ, ಗುರುತಿಲ್ಲ, ಕೇಳಿಕೊಂಡು ಬರುವ ಮಕ್ಕಳು ಮೊಮ್ಮಕ್ಕಳಿಲ್ಲ. ಮಣ್ಣಿನ ಜೊತೆ ಗಾಡಿಗೆ ತುಂಬಿ ಎಲ್ಲಿಗಾದರೂ ಸಾಗಿಸಿದ್ದರೆ ಯಾರೂ ದೂರು ಕೊಡುತ್ತಿರಲಿಲ್ಲ. ಹಾಗೆ ಮಾಡಲಿಲ್ಲ. ಹಿಂದೊಮ್ಮೆ ಊರಿನ ಮೇಯರ್ ಆಗಿದ್ದ ವೈದ್ಯ ಸ್ಯಾಮ್ಯುಯೆಲ್ ಗ್ರೀನ್ ಅವರ ಮೇಲ್ವಿಚಾರಣೆಯಲ್ಲಿ ಮೂಳೆಗಳನ್ನು ಜೋಪಾನವಾಗಿ ತೆಗೆದು, ಅದೇ ಸ್ಮಶಾನದೊಳಗೆ ಮತ್ತೆ ಮಣ್ಣು ಮಾಡಿದರು. ಮೇಲೊಂದು ಕಲ್ಲು ನೆಟ್ಟರು. 1895ರಲ್ಲಿ ಸುರಂಗ ಅಗೆಯುವಾಗ ಬಾಯ್ಲ್‌ಸ್ಟನ್ ಬೀದಿಯ ನಡೆದಾರಿಯ ಕೆಳಗೆ ಸಿಕ್ಕವರ ಅಸ್ಥಿಗಳನ್ನು ಇಲ್ಲಿ ಮರಳಿ ಹೂಳಲಾಗಿದೆ ಎಂದು ಅದರ ಮೇಲೆ ಬರೆದಿದೆ. ಅಷ್ಟೇ. ಅಲಂಕಾರವಿಲ್ಲ, ಹೊಗಳಿಕೆಯಿಲ್ಲ. ನಾವು ಅಗೆದೆವು, ಇವರು ಸಿಕ್ಕರು, ಇಲ್ಲಿಟ್ಟಿದ್ದೇವೆ ಎಂಬ ಒಪ್ಪಿಗೆ.

ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಕಬ್ಬಿಣದ ಬೇಲಿಯ ಆಚೆ ಹುಲ್ಲಿನ ಮೇಲೆ ಎಲೆಗಳು ಉದುರಿದ್ದವು, ಕಾಲಡಿಯಲ್ಲಿ ಗಾಡಿ ಹಾದುಹೋಗುವ ಅದುರು ಸಣ್ಣಗೆ ತಿಳಿಯುತ್ತಿತ್ತು. ಅಪ್ಪ ಕೇಳಿದರು: "ಮೆಜೆಸ್ಟಿಕ್‌ನಲ್ಲಿ ಅಗೆದಾಗ ಏನು ಸಿಕ್ಕಿತು?"

ಮೂವತ್ತು ವರ್ಷ ಅವರು ಆ ನಿಲ್ದಾಣದಿಂದಲೇ ಡ್ಯೂಟಿ ಹತ್ತಿದ್ದರು. ಮೆಜೆಸ್ಟಿಕ್ ಎಂದು ನಾವು ಕರೆಯುವ ಆ ಜಾಗ ಧರ್ಮಾಂಬುಧಿ ಕೆರೆಯ ಅಂಗಳ. ಕೆಂಪೇಗೌಡರು ಕಟ್ಟಿಸಿದ್ದೆಂದು ಊರು ನಂಬಿದ ಕೆರೆ, ಪೇಟೆಯ ಜನಕ್ಕೆ ತಲೆಮಾರುಗಳ ಕಾಲ ನೀರು ಕೊಟ್ಟ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಅಲ್ಲಿಂದ ಕೆರೆಯ ಮೇಲಿನ ಅಕ್ಕರೆ ಕಡಿಮೆಯಾಯಿತು. ಬಾಸ್ಟನ್ನಿನವರು ಗೋಮಾಳದ ಕೆಳಗೆ ಸುರಂಗ ತೋಡಿದ ಅದೇ ಹತ್ತು ವರ್ಷಗಳಲ್ಲಿ ಧರ್ಮಾಂಬುಧಿಯ ಕೊನೆಗಾಲ ಶುರುವಾಯಿತು ಎಂಬುದು ನನ್ನನ್ನು ಕಾಡುತ್ತದೆ. ನೀರು ಬತ್ತಿದ ಅಂಗಳ ಸುಭಾಷ್‌ನಗರ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು. ಅದರ ಅಡಿಯಲ್ಲಿ 2016ರಲ್ಲಿ ನಮ್ಮ ಮೆಟ್ರೋದ ನೇರಳೆ ಮಾರ್ಗವೂ 2017ರಲ್ಲಿ ಹಸಿರು ಮಾರ್ಗವೂ ಬಂದವು. ಏರಿಯ ಗುರುತು ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರಿನಲ್ಲಿ ಉಳಿದಿದೆ. ಆ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಜನ ಅದು ಯಾವ ಟ್ಯಾಂಕ್ ಎಂದು ಕೇಳಿಕೊಂಡಾರು? ಇನ್ನೊಂದು ಕಡೆ ಸಿದ್ದಿಕಟ್ಟೆ ಇದ್ದ ಜಾಗ ಕೃಷ್ಣರಾಜೇಂದ್ರ ಮಾರುಕಟ್ಟೆಯಾಯಿತು. ಅಲ್ಲಿಯೂ ಈಗ ಮೆಟ್ರೋ ಇಳಿದಿದೆ.

ಸುರಂಗ ಕೊರೆದ ಯಂತ್ರಗಳ ಹೆಸರು ನಮಗೆ ಬಾಯಿಪಾಠ. ಹೆಲೆನ್, ಮಾರ್ಗರೀಟಾ, ಕಾವೇರಿ, ಕೃಷ್ಣಾ, ಗೋದಾವರಿ. ಗೋದಾವರಿ ಚಿಕ್ಕಪೇಟೆಯ ಕಡೆ ಬಂಡೆಗೆ ಸಿಕ್ಕಿ ತಡವಾದಾಗ ಮನೆಯ ಮಗಳ ಹೆರಿಗೆಗೆ ಕಾದಂತೆ ಊರು ಕಾಯಿತು. ಆ ಪ್ರೀತಿ ನನಗೆ ಹೆಮ್ಮೆಯ ವಿಷಯವೇ. ಯಂತ್ರಕ್ಕೆ ನದಿಯ ಹೆಸರಿಟ್ಟು ಕಾದವರು ಅದೇ ನೆಲದಲ್ಲಿ ಇಂಗಿಹೋದ ಕೆರೆಯ ಹೆಸರನ್ನೂ ಅಷ್ಟೇ ಪ್ರೀತಿಯಿಂದ ಹೇಳಬೇಕಿತ್ತು.

ಹೋಲಿಸುವಾಗ ನ್ಯಾಯ ತಪ್ಪಬಾರದು. ನಡೆಯಲಾಗದವರನ್ನು ಕಾಣುವ ಕಣ್ಣು ಬೆಂಗಳೂರಿನ ನಿಲ್ದಾಣಗಳಿಗೆ ಹುಟ್ಟಿನಿಂದಲೇ ಇದೆ. ಲಿಫ್ಟ್ ಇದೆ, ಕಣ್ಣು ಕಾಣದವರಿಗೆ ಕಾಲಿಗೆ ತಿಳಿಯುವ ಉಬ್ಬುಹಾಸಿನ ದಾರಿ ಇದೆ. ಬಾಯ್ಲ್‌ಸ್ಟನ್ನಿಗೆ 2022ರಲ್ಲಿ ನೂರ ಇಪ್ಪತ್ತೈದು ತುಂಬಿದಾಗಲೂ ಮೆಟ್ಟಿಲುಗಳೇ ಗತಿ. ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ಕಾನೂನು ಬಂದದ್ದು 1990ರಲ್ಲಿ. ಹಳೆಯದನ್ನು ಉಳಿಸಿಕೊಳ್ಳುವುದು ಮುಖ್ಯವೆಂದು ನಾನು ನಂಬುತ್ತೇನೆ. ಆದರೆ ಗಾಲಿಕುರ್ಚಿಯ ಮೇಲಿರುವವರನ್ನು ಬೀದಿಯಲ್ಲೇ ನಿಲ್ಲಿಸುವ ಹಳೆಯತನವನ್ನು ಮೆಚ್ಚಲಾರೆ. ಪಾರ್ಕ್ ಸ್ಟ್ರೀಟಿನಲ್ಲಿ ಲಿಫ್ಟ್ ಹಾಕಿದ್ದಾರೆ, 1897ರ ಕಲ್ಲಿನ ಪ್ರವೇಶ ಮಂಟಪಗಳು ಎರಡು ಉಳಿದೂ ಇವೆ. ಎರಡೂ ಒಟ್ಟಿಗೆ ಸಾಧ್ಯ ಎಂಬುದಕ್ಕೆ ಐದು ನಿಮಿಷದ ನಡಿಗೆಯ ದೂರದಲ್ಲೇ ಸಾಕ್ಷಿ ಇದೆ.

ಬಾಸ್ಟನ್ನಿಗೂ ಮರೆವಿನ ರೋಗ ಬಡಿದಿತ್ತು. ಪಾರ್ಕ್ ಸ್ಟ್ರೀಟಿನ ಮುಂದಿನ ನಿಲ್ದಾಣ 1898ರಲ್ಲಿ ತೆರೆದಾಗ ಅದರ ಹೆಸರು ಸ್ಕಾಲಿ ಸ್ಕ್ವೇರ್. ನಾಟಕಶಾಲೆ, ಅಗ್ಗದ ಊಟದ ಮನೆಗಳು ತುಂಬಿದ್ದ ಆ ಚೌಕವನ್ನು 1960ರ ದಶಕದಲ್ಲಿ ಕೆಡವಿ ಸರಕಾರಿ ಕಟ್ಟಡಗಳನ್ನು ಎಬ್ಬಿಸಿದರು. ನಿಲ್ದಾಣಕ್ಕೆ ಗವರ್ನಮೆಂಟ್ ಸೆಂಟರ್ ಎಂದು ಹೆಸರಿಟ್ಟರು. ಇಟ್ಟಿಗೆ ಹಾಸಿದ ಆ ವಿಶಾಲ ಬಯಲಿನಲ್ಲಿ ಚಳಿಗಾಲದ ಗಾಳಿಗೆ ನಡೆದು ನೋಡಿ, ಒಂದು ಬೀದಿ ಸತ್ತರೆ ಏನಾಗುತ್ತದೆಂದು ತಿಳಿಯುತ್ತದೆ. ಗೋಮಾಳವನ್ನು ಕಾಪಾಡಿದ ಊರೇ ಎರಡು ತಲೆಮಾರಿನ ನಂತರ ಇದನ್ನು ಮಾಡಿತು. 2016ಕ್ಕೆ ಮುಗಿದ ದುರಸ್ತಿಯಲ್ಲಿ ಕೆಳಗಿನ ಪ್ಲಾಟ್‌ಫಾರಂ ಗೋಡೆಯ ಹಳೆಯ ಸ್ಕಾಲಿ ಹೆಸರಿನ ಮೊಸಾಯಿಕ್ ಹೊರಬಂದಾಗ ಅದನ್ನು ಮುಚ್ಚದೆ ಉಳಿಸಿಕೊಂಡರು. ತಡವಾದರೂ ಸರಿ.

ನಮ್ಮಲ್ಲಿ ಜನ ಸುಮ್ಮನಿದ್ದರು ಎಂದೂ ನಾನು ಹೇಳುವುದಿಲ್ಲ. 2009ರಲ್ಲಿ ಮೆಟ್ರೋಗಾಗಿ ಲಾಲ್‌ಬಾಗಿನ ಗೋಡೆ ಒಡೆದಾಗ, ಜಯನಗರದ ಕಡೆಯ ಲಕ್ಷ್ಮಣರಾವ್ ಬೊಲೆವಾರ್ಡಿನ ಮರಗಳಿಗೆ ಕೊಡಲಿ ಬಿದ್ದಾಗ, ಮುದುಕರು ಮಕ್ಕಳೆನ್ನದೆ ಬೀದಿಗಿಳಿದರು. ಮಾರ್ಗ ಕಂಬಗಳ ಮೇಲೆಯೇ ಹೋಯಿತು. ಕೆಳಗೆ ಒಯ್ದರೆ ಖರ್ಚು ಹಲವು ಪಟ್ಟು ಎಂಬ ಲೆಕ್ಕ ಸುಳ್ಳಲ್ಲ. ಹೊಸ ಊರೊಂದು ತನ್ನ ಹಣದ ಮಿತಿಯಲ್ಲಿ ಎಲ್ಲವನ್ನೂ ಸುರಂಗದಲ್ಲಿ ಹಾಕಲಾರದು. ಬಾಸ್ಟನ್ನೂ 1901ರಲ್ಲಿ ಬೇರೆ ಬೀದಿಗಳ ಮೇಲೆ ಕಬ್ಬಿಣದ ಎತ್ತರದ ಹಳಿ ಕಟ್ಟಿ, ಆಮೇಲೆ ಅವನ್ನೆಲ್ಲ ಕಿತ್ತುಹಾಕಿತು. ಆದ್ದರಿಂದ ನನ್ನ ತಕರಾರು ಕಂಬದ ಮೇಲಲ್ಲ, ಕಳೆದುಕೊಂಡದ್ದನ್ನು ಬರೆದಿಡದ ನಮ್ಮ ಇತ್ತೀಚಿನ ಅಭ್ಯಾಸದ ಮೇಲೆ.

ಇತ್ತೀಚಿನ ಎಂದೆ, ಏಕೆಂದರೆ ಇದು ನಮ್ಮ ಹಳೆಯ ಅಭ್ಯಾಸವಲ್ಲ. ಕಲ್ಲಿನ ಮೇಲೆ ಬರೆಯುವುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆ ಕಟ್ಟಿದರೆ ಶಾಸನ, ತೂಬು ಇಟ್ಟರೆ ಶಾಸನ, ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನಿಗೆ ವೀರಗಲ್ಲು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಸುಮಾರು 750ರದು. ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಕಾಳಗ ಎಂಬ ಮಾತಿದೆ, ಅದಕ್ಕೆ ಸಾವಿರದ ನೂರು ವರ್ಷ ದಾಟಿದೆ. ಕಾಳಗದಲ್ಲಿ ಬಿದ್ದ ಒಬ್ಬ ಸೇವಕನ ಸಾವನ್ನೂ ಬರೆದಿಟ್ಟ ಜನ ನಾವು. ಆ ಸಂಪ್ರದಾಯದಲ್ಲಿ ಬೆಳೆದ ನಾನು ಹನ್ನೆರಡು ಸಾವಿರ ಕಿಲೋಮೀಟರಿಗೂ ದೂರದ ಪರಸ್ಥಳದ ಸ್ಮಶಾನದಲ್ಲಿ, ಹೆಸರಿಲ್ಲದ ಪರವೂರಿನವರಿಗೆ ನೆಟ್ಟ ಕಲ್ಲಿನ ಮುಂದೆ ನಿಂತಾಗ ನನಗೆ ಅದು ಪರಕೀಯ ಅನ್ನಿಸಲೇ ಇಲ್ಲ.

ಆದ್ದರಿಂದ ಕೇಳುತ್ತೇನೆ. ಕೆಂಪೇಗೌಡ ನಿಲ್ದಾಣದೊಳಗೆ, ಎರಡು ಮಾರ್ಗಗಳ ನಡುವೆ ಜನ ಹತ್ತಿಳಿಯುವಲ್ಲಿ, ಕಣ್ಣಿನ ಎತ್ತರಕ್ಕೆ ಒಂದು ಕಲ್ಲು ಬೇಕು. ಜಾಹೀರಾತಿನ ಫಲಕಗಳ ನಡುವೆ ಕಳೆದುಹೋಗುವ ಬೋರ್ಡ್ ಬೇಡ, ನಮ್ಮ ಕಣಶಿಲೆಯಲ್ಲಿ ಕೆತ್ತಿದ ಕಲ್ಲೇ ಬೇಕು. ಗಣ್ಯರ ಹೆಸರು, ಉದ್ಘಾಟನೆಯ ತಾರೀಕು ಅದರಲ್ಲಿ ಬೇಡ. ಅಪ್ಪ ಹೊರಡುವ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ನಾವಿಬ್ಬರೂ ಕುಳಿತು ಅದರ ಒಕ್ಕಣೆ ಬರೆದೆವು. ನಾನು ಉದ್ದವಾಗಿ ಬರೆದದ್ದನ್ನು, ಟಿಕೆಟ್ಟಿನ ಮೇಲೆ ಹಿಡಿಸುವಷ್ಟೇ ಮಾತು ಸಾಕೆಂದು ಅಪ್ಪ ಹೊಡೆದುಹಾಕುತ್ತಾ ಬಂದರು. ಕೊನೆಗೆ ಉಳಿದದ್ದು ಇಷ್ಟು:

"ಇದು ಧರ್ಮಾಂಬುಧಿ ಕೆರೆಯ ಅಂಗಳ. ಪೇಟೆಯ ಜನ ಇದರ ನೀರು ಕುಡಿದರು. ನೀವು ನಿಂತಿರುವುದು ಕೆರೆಯ ತಳಕ್ಕಿಂತ ಕೆಳಗೆ."