ಯಾವ ಚಪ್ಪಲಿ ಹಾಕಿದ್ರು?

ಉದ್ಯಾನದ ಬೆಣಚುಕಲ್ಲಿನ ಹಾದಿ ಉದ್ಘಾಟನೆಯಾದ ಫೋಟೋ ನೀವೂ ನೋಡಿರ್ತೀರಿ. ನನಗಂತೂ ವಾಟ್ಸಾಪಿನಲ್ಲಿ ಏಳು ಸಲ ಬಂತು. ಗಣ್ಯರೆಲ್ಲ ಪ್ಯಾಂಟು ಮಡಚಿ, ಬೂಟು ಬಿಚ್ಚಿ, ಒಬ್ಬರ ಹೆಗಲು ಒಬ್ಬರು ಹಿಡಿದು ನಿಂತಿದ್ದಾರೆ. ತುಟಿಯಲ್ಲಿ ನಗು, ಹುಬ್ಬಿನಲ್ಲಿ ನೋವು. ಮೂರನೇ ಹೆಜ್ಜೆಗೆ ಎಲ್ಲರೂ ಹುಲ್ಲಿಗೆ ಇಳಿದರು ಅಂತ ಅಲ್ಲಿದ್ದವರು ಹೇಳಿದರು. ಫೋಟೋ ಎರಡನೇ ಹೆಜ್ಜೆಯದ್ದು. ಪಾದದ ನರಗಳಿಗೆ ಚುರುಕು, ದೇಹಕ್ಕೆ ಸಮತೋಲನ ಅಂತ ಪಕ್ಕದಲ್ಲೇ ಫಲಕ. ಊರಿನ ಹೆಸರು ಬೇಡ. ಕಾರವಾರದಿಂದ ಭಟ್ಕಳದ ತನಕ ಯಾರು ಓದಿದರೂ ತಮ್ಮೂರೇ ಅಂದುಕೊಳ್ಳಲಿ, ಅಡ್ಡಿಯಿಲ್ಲ.

ಕಲ್ಲಿನ ಮೇಲೆ ನನಗೆ ತಕರಾರಿಲ್ಲ. ಆ ಉದ್ಯಾನಕ್ಕೆ ಹೋಗುವ ಫುಟ್‌ಪಾತಿದೆಯಲ್ಲ, ಗಟಾರದ ಮೇಲೆ ಚಪ್ಪಡಿ ಹಾಸಿದ್ದು, ಅದರ ಮೇಲೂ ಇಲ್ಲ ಅಂತ ಹೇಳುವಷ್ಟು ಒಳ್ಳೆಯವನಲ್ಲ ನಾನು. ಚಪ್ಪಡಿಯ ಈ ತುದಿಗೆ ಕಾಲಿಟ್ಟರೆ ಆ ತುದಿ ಮೇಲೇಳುತ್ತದೆ. ಎದ್ದ ಸಂದಿಯಿಂದ ಕಪ್ಪು ನೀರು ಚಿಮ್ಮಿ ಪಂಚೆಯ ಅಂಚಿಗೆ ಚಿತ್ತಾರ ಬಿಡಿಸುತ್ತದೆ. ಹತ್ತನೆಯ ಚಪ್ಪಡಿ ಇರಬೇಕಾದ ಜಾಗದಲ್ಲಿ ಚಪ್ಪಡಿಯಿಲ್ಲ. ಅಲ್ಲಿಂದ ಮುಂದೆ ಬರೀ ಜಲ್ಲಿ. ಒಳಗಿರುವುದೂ ಕಲ್ಲೇ, ಹೊರಗಿರುವುದೂ ಕಲ್ಲೇ. ಬೇಲಿಯೊಳಗೆ ಸುರಿದು ಬೋರ್ಡು ನೆಟ್ಟರೆ ಆಕ್ಯುಪ್ರೆಷರ್, ಹೊರಗೆ ಸುರಿದು ಬಿಟ್ಟು ಹೋದರೆ ಕಾಮಗಾರಿ ಪ್ರಗತಿಯಲ್ಲಿದೆ.

ಅವತ್ತಿನ ಭಾಷಣವೂ ಚೆನ್ನಾಗಿತ್ತಂತೆ. ಜನ ಬೀಳುವುದು ವ್ಯಾಯಾಮ ಇಲ್ಲದೆ, ಪಾದರಕ್ಷೆ ಸರಿಯಿಲ್ಲದೆ. ದಿನಾ ಒಂಟಿಕಾಲಲ್ಲಿ ನಿಲ್ಲಿ, ಹಿರಿಯರು ಒಳ್ಳೆಯ ಶೂ ಹಾಕಿ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಸಿಟ್ಟು ಬರುವುದೇ ಅದಕ್ಕೆ. ಮನುಷ್ಯ ನೆಟ್ಟಗೆ ನಿಲ್ಲುವುದು ಮೂರು ಕಡೆಯಿಂದ ಬರುವ ವರದಿ ನಂಬಿಕೊಂಡು. ಕಣ್ಣು ಒಂದು. ಒಳಗಿವಿಯಲ್ಲಿ ನೀರು ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ, ಅವು ಇನ್ನೊಂದು. ಮೂರನೆಯದು ಪಾದ. 26 ಎಲುಬಿನ ಈ ಪಾದ, ನೆಲ ಎತ್ತ ವಾಲಿದೆ, ಎಷ್ಟು ಗಟ್ಟಿಯಿದೆ ಅಂತ ಮೇಲಕ್ಕೆ ಸುದ್ದಿ ಕಳಿಸುತ್ತಲೇ ಇರುತ್ತದೆ. ಅಟ್ಟೆ ದಪ್ಪವಾಗಿ ಮೆತ್ತಗಾದಷ್ಟೂ ಸುದ್ದಿ ಮಸುಕು. ಅದಕ್ಕೇ ವಯಸ್ಸಾದವರು ಸ್ಪಂಜಿನಂಥ ದಪ್ಪ ಅಟ್ಟೆಗಿಂತ ತೆಳ್ಳಗಿನ ಗಟ್ಟಿ ಅಟ್ಟೆಯ ಮೇಲೆ ಹೆಚ್ಚು ಭದ್ರವಾಗಿ ನಿಲ್ಲುತ್ತಾರೆ. ಹಿಮ್ಮಡಿ ಎತ್ತರವಾದರೆ ಮೈಭಾರವೆಲ್ಲ ಬೆರಳಿಗೆ ಜಾರುತ್ತದೆ. ಹವಾಯಿ ಚಪ್ಪಲಿಯಾದರೆ ಅದು ಕಳಚದಂತೆ ಹಿಡಿದುಕೊಳ್ಳುವುದೇ ಬೆರಳಿಗೊಂದು ನೌಕರಿ, ಹೆಜ್ಜೆ ಗಿಡ್ಡವಾಗುತ್ತದೆ.

ನಮ್ಮ ಚಿಕ್ಕಮ್ಮನಿಗೆ ಬೆಂಗಳೂರಿನ ಮಗ ಮೆಮೊರಿ ಫೋಮಿನ ಶೂ ಕಳಿಸಿದ್ದ. ಶಿರಸಿ ಕಡೆಯ ಹೆಂಗಸು, ಎಪ್ಪತ್ತೊಂದು ವರ್ಷ. ಅಂಗಳದಲ್ಲಿ ಎರಡು ಸುತ್ತು ಹಾಕಿ ಬಿಚ್ಚಿಟ್ಟಳು. "ಹಾಸ್ಗೆ ಮೇಲೆ ನಿಂತಂಗೆ ಆಗ್ತು ತಮಾ, ನೆಲ ಎಲ್ಲಿದ್ದು ಗೊತ್ತಾಗ್ತಿಲ್ಲೆ." ಮೇಲೆ ಹೇಳಿದ ವಿಜ್ಞಾನ ಪೂರ್ತಿ ಆ ಒಂದು ಮಾತಿನಲ್ಲಿ ಬಂತು. ಈಗ ಎಡಗಾಲಿನ ಶೂನಲ್ಲಿ ಬೆಕ್ಕಿನ ಮರಿ ಮಲಗುತ್ತದೆ. ಬಲಗಾಲಿನದ್ದು ಎಲ್ಲಿದೆ ಅಂತ ಮಗ ಇನ್ನೂ ಕೇಳಿಲ್ಲ.

ನೆಲ ಗೊತ್ತಾಗಬೇಕು ಅನ್ನುವವರಿಗೂ ಈಗ ಅಂಗಡಿಯಿದೆ ಅನ್ನಿ. 'ಬರಿಗಾಲಿನ ಶೂ' ಅಂತ ಬಂದಿದೆ, ಅಟ್ಟೆ ಹಪ್ಪಳದಷ್ಟು ತೆಳ್ಳಗೆ, ಕೆಲವದಕ್ಕೆ ಐದು ಬೆರಳಿಗೆ ಐದು ಗೂಡು. ಅಟ್ಟೆ ಕಡಿಮೆಯಾದಷ್ಟೂ ರೇಟು ಜಾಸ್ತಿ. ಪೂರ್ತಿ ಅಟ್ಟೆ ತೆಗೆದದ್ದನ್ನು ಅಂಕೋಲೆಯ ತುಳಸಿ ಗೌಡರು ಬದುಕೆಲ್ಲ ಹಾಕಿಕೊಂಡು ಓಡಾಡಿದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೂ ಹಾಗೇ ನಡೆದರು. ದೇಶವೆಲ್ಲ ಆ ಪಾದ ನೋಡಿ ಗದ್ಗದವಾಯಿತು. ಆ ಪಾದ ಓಡಾಡುವ ದಾರಿ ಹೇಗಿದೆ ಅಂತ ಗದ್ಗದವಾದವರು ಕಡಿಮೆ. ಹಾಗಂತ ಬರಿಗಾಲೇ ಸರ್ವರೋಗಕ್ಕೆ ಮದ್ದು ಅಂತ ನಾನು ಹೇಳೋದಿಲ್ಲ. ನಮ್ಮ ಮಳೆಗಾಲದ ಕೊಚ್ಚೆಯಲ್ಲಿ ಇಲಿಜ್ವರ ಇರುತ್ತದೆ, ಸಕ್ಕರೆ ಕಾಯಿಲೆಯವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯೋದಿಲ್ಲ.

ಇನ್ನು ಒಂಟಿಕಾಲು. 2022ರಲ್ಲಿ ಒಂದು ಅಧ್ಯಯನ ಬಂತು. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಮಂದಿಯನ್ನು ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲಿಸಿ ನೋಡಿದರು. ಸುಮಾರು ಐವರಲ್ಲಿ ಒಬ್ಬರಿಗೆ ಆಗಲಿಲ್ಲ, ಆಗದವರಲ್ಲಿ ಮುಂದಿನ ವರ್ಷಗಳಲ್ಲಿ ಸತ್ತವರ ಪ್ರಮಾಣ ಹೆಚ್ಚಿತ್ತು. ಹತ್ತು ಸೆಕೆಂಡು! ಕುಮಟೆಯಿಂದ ಶಿರಸಿಗೆ ಸಂಜೆ ಬಸ್ಸಿನಲ್ಲಿ ದೇವಿಮನೆ ಘಟ್ಟ ಪೂರ್ತಿ ನಾನು ಒಂಟಿಕಾಲಲ್ಲೇ ಹತ್ತಿದ್ದೇನೆ. ಇನ್ನೊಂದು ಕಾಲು ಊರಬೇಕಾದಲ್ಲಿ ಯಾರದ್ದೋ ಅಕ್ಕಿ ಚೀಲ ಕೂತಿತ್ತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಎದುರು ಸೀಟಿನವರ ಮಗು, ತಿರುವಿಗೊಮ್ಮೆ ಕಂಡಕ್ಟರ್ ಬೆನ್ನಿಗೆ ಒರಗಿ ಟಿಕೆಟ್ ಹರಿಯುತ್ತಿದ್ದ. ಆ ಲೆಕ್ಕದಲ್ಲಿ ನಾನು ಯಮನಿಗೇ ಸಂತಾಪ ಸೂಚಿಸಿ ಹೋಗಬೇಕು.

ವೈದ್ಯರು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ, ಗೆರೆಯ ಮೇಲೆ ನೇರ ನಡೆಯಬೇಕು. ಒಳ್ಳೆಯ ವ್ಯಾಯಾಮವೂ ಹೌದು. ನಮ್ಮ ಜಿಲ್ಲೆಯಲ್ಲಿ ಇದನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಕ್ಕೆರಡು ಸಲ ಪುಕ್ಕಟೆ ಮಾಡಿಸುತ್ತೇವೆ, ಕಾಲುಸಂಕ ಅಂತ ಹೆಸರು. ಎರಡು ಅಡಿಕೆ ಮರ ಕಡಿದು ಹಳ್ಳದ ಮೇಲೆ ಅಡ್ಡ ಹಾಕುವುದು, ಪಕ್ಕಕ್ಕೆ ಒಂದು ಬಿದಿರು ಕಟ್ಟುವುದು. ಕೆಳಗೆ ಕೆಂಪು ನೀರು ಹೋಗ್ತಾ ಇರುತ್ತದೆ. ಘಟ್ಟದ ಕೆಳಗಿನ ಒಂದು ಹಳ್ಳದ ಹತ್ತಿರ ನಾನು ನೋಡಿದೆ: ನಾಲ್ಕನೇ ಕ್ಲಾಸಿನ ಹುಡುಗ, ಸರ್ಕಾರ ಕೊಟ್ಟ ಕಪ್ಪು ಶೂ ಬಿಚ್ಚಿ ಎರಡರ ದಾರವನ್ನೂ ಸೇರಿಸಿ ಗಂಟು ಹಾಕಿದ, ಹಾರದ ಹಾಗೆ ಕುತ್ತಿಗೆಗೆ ಹಾಕಿಕೊಂಡ. ಸಾಕ್ಸು ಬಾಯಲ್ಲಿ. ಪಾಚಿ ಕಟ್ಟಿದ ಮರವನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದ. ಆಮೇಲೆ ಅಡ್ಡಡ್ಡವಾಗಿ, ಏಡಿ ನಡೆದ ಹಾಗೆ, ದಾಟಿಯೇಬಿಟ್ಟ. ಆಚೆ ದಡದಲ್ಲಿ ಕೂತು ಸಾಕ್ಸು ಹಾಕಿದ, ಶೂ ಹಾಕಿದ, ಸಮವಸ್ತ್ರಧಾರಿಯಾಗಿ ಶಾಲೆಗೆ ಹೋದ. ಶೂ ಭಾಗ್ಯ ಕೊಟ್ಟವರು ಕೊರಳಿಗೆ ಹೊಂದುವ ಅಳತೆ ನೋಡಿಯೇ ಕೊಟ್ಟಿರಬೇಕು. ಇಷ್ಟು ವರ್ಷ ಈ ಮಕ್ಕಳಿಂದ ಒಂದು ಒಲಿಂಪಿಕ್ ತಂಡ ಯಾಕೆ ಎದ್ದು ಬರಲಿಲ್ಲವೋ ಅಂತ...

ಇಲ್ಲ, ಇದರಲ್ಲಿ ತಮಾಷೆ ಮಾಡೋಕೆ ಆಗ್ತಾ ಇಲ್ಲ. 2022ರ ಆಗಸ್ಟಿನಲ್ಲಿ, ಇಲ್ಲೇ ಪಕ್ಕದ ಬೈಂದೂರು ತಾಲ್ಲೂಕಿನಲ್ಲಿ, ಎರಡನೇ ಕ್ಲಾಸಿನ ಹುಡುಗಿ ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಬಿದ್ದು ನೀರಿನಲ್ಲಿ ಹೋದಳು. ಅವಳ ಸಮತೋಲನಕ್ಕೆ ಏನಾಗಿತ್ತು ಅಂತ ಕೇಳ್ತೀರಾ? ಏಳು ವರ್ಷದ ಮಗು ಸರ್ಕಸ್ ಮಾಡದೆ ಶಾಲೆ ಮುಟ್ಟುವುದಕ್ಕೆ ನಾಲ್ಕು ಅಡಿ ಅಗಲದ ಕಾಂಕ್ರೀಟು ಸಾಕು.

ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. ಐವತ್ತು ವರ್ಷ ತೋಟದ ಸಂಕ ದಾಟಿದವಳು, ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ದಾಟಿದವಳು, ಜೂನ್ ತಿಂಗಳಲ್ಲಿ ನಮ್ಮನೆಗೆ ಬಂದವಳು ಪೇಟೆಯ ಫುಟ್‌ಪಾತಿನಲ್ಲಿ ಬಿದ್ದಳು. ಒಂಬತ್ತನೆಯ ಚಪ್ಪಡಿ. ಸೊಂಟದ ಕೀಲು ಮುರಿಯಿತು. ನಮ್ಮಲ್ಲಿ ಎಲುಬು ಮುರಿದುಕೊಳ್ಳುವವರು ಮೊದಲೇ ನಿರ್ಧಾರ ಮಾಡಿಕೊಂಡಿರಬೇಕು, ಮಣಿಪಾಲವೋ ಮಂಗಳೂರೋ ಗೋವೆಯೋ ಅಂತ. ದೊಡ್ಡ ಆಸ್ಪತ್ರೆ ಬೇಕು ಅಂತ ಈ ಜಿಲ್ಲೆ ಕೂಗಿ ಕೂಗಿ ಗಂಟಲು ಹೋಯಿತು. ಗಂಟಲಿಗೂ ಮಣಿಪಾಲಕ್ಕೇ ಹೋಗಬೇಕು. ಆಂಬುಲೆನ್ಸಿನಲ್ಲಿ ನೂರು ಚಿಲ್ಲರೆ ಕಿಲೋಮೀಟರು, ಹೊಂಡ ಬಂದಾಗೆಲ್ಲ ಅವಳು ನನ್ನ ಬೆರಳು ಹಿಂಡುತ್ತಿದ್ದಳು. ಕೂಗಲಿಲ್ಲ.

ನೋಡಲು ಬಂದವರು, ಫೋನು ಮಾಡಿದವರು, ಅರ್ಜಿ ಕೊಟ್ಟಾಗ ಮೇಜಿನಾಚೆ ಕೂತಿದ್ದವರು, ಎಲ್ಲರೂ ಕೇಳಿದ್ದು ಒಂದೇ. "ಯಾವ ಚಪ್ಪಲಿ ಹಾಕಿದ್ರು?"

ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮದಿಂದ ವಯಸ್ಸಾದವರು ಬೀಳುವುದು ಸುಮಾರು ನಾಲ್ಕರಲ್ಲಿ ಒಂದು ಪಾಲು ತಗ್ಗುತ್ತದೆ. ದೊಡ್ಡ ಲಾಭ, ನಾನೂ ಬೆಳಿಗ್ಗೆ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುತ್ತೇನೆ, ಪೇಸ್ಟು ಅಂಗಿಗೆ ಬೀಳುತ್ತದೆ. ಉಳಿದ ಮೂರು ಪಾಲಿಗೆ ಯಾರಾದರೂ ಚಪ್ಪಡಿ ಕೂರಿಸಬೇಕು, ಬೀದಿದೀಪ ಹಾಕಬೇಕು. ಆದರೆ ಅದಕ್ಕೆ ರಿಬ್ಬನ್ ಕಟ್ಟಲು ಜಾಗವಿಲ್ಲ.

ಅರ್ಜಿಗೆ ಉತ್ತರ ಬಂದಿದೆ: ಅಂದಾಜು ಪಟ್ಟಿ ತಯಾರಿಸಲಾಗುತ್ತಿದೆ. ಅಷ್ಟರೊಳಗೆ ಯಾರೋ ಪುಣ್ಯಾತ್ಮರು ಒಂಬತ್ತನೆಯ ಚಪ್ಪಡಿಯ ಸಂದಿಯಲ್ಲಿ ಗೊಬ್ಬರ ಗಿಡದ ಟೊಂಗೆ ಸಿಕ್ಕಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿ ಹೋಗಿದ್ದಾರೆ. ನಮ್ಮಲ್ಲಿ ಹೊಂಡಕ್ಕೆ ಮಾಡುವ ಪ್ರಥಮ ಚಿಕಿತ್ಸೆ ಅದೇ. ಕೊನೆಯ ಚಿಕಿತ್ಸೆಯೂ.

ಚಿಕ್ಕಮ್ಮ ಈಗ ವಾಕರ್ ಹಿಡಿದು ಜಗಲಿಯ ಆ ತುದಿಯ ತನಕ ಹೋಗಿ ಬರುತ್ತಾಳೆ, ಬರಿಗಾಲಲ್ಲೇ. ಮೊನ್ನೆ ಫೋನಿನಲ್ಲಿ ಟೊಂಗೆಯ ವಿಷಯ ಹೇಳಿದೆ. ಗಿಡಗಂಟಿ ಮಾಡಿದ ಕೈಯಲ್ಲವೇ, ಮೊದಲು ಕೇಳಿದ್ದು, "ಬದ್ಕಿದ್ದಾ ಅದು?"

ಬದುಕಿದೆ. ನಿನ್ನೆ ನೋಡಿ ಬಂದೆ, ಮೂರು ಚಿಗುರು ಒಡೆದಿದೆ.